ಪ್ಯಾಡ್ ಹಾಕಿದ ಮೇಲಿನ ಅಳತೆ

"ಇದನ್ನ ಹೊಲಿದವರು ಯಾರು?"

ಹೊಲಿಗೆ ಕೋಣೆಯ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಬಾಗಿಲಲ್ಲಿ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ನಿಂತಿದ್ದ. ಕೈಯಲ್ಲಿ ಆಟಕ್ಕೆ ಹಾಕುವ ಬಿಗಿ ಪ್ಯಾಂಟು. ಅದರ ತೊಡೆಯ ಪ್ಯಾಡನ್ನು ಕತ್ತರಿಸಿ ತೆಗೆದಿದ್ದ!

"ನಾನು," ಎಂದು ಅದರ ವಿನ್ಯಾಸಕಿ ಎದ್ದು ನಿಂತಳು. "ಕತ್ತರಿ ಹಾಕೋಕೆ ನಿಮಗೆ ಹೇಳಿದ್ಯಾರು?"

"ನನ್ನ ಕಾಲು. ಅರ್ಧ ಆಟಕ್ಕೇ ಜೋಮು ಹಿಡೀತು."

'ಕುಣಿಯಲು ಬಾರದವನಿಗೆ ಅಂಗಳ ಡೊಂಕು...' ಬಟ್ಟೆ ಕಾಲಿನ ಮೇಲೆ ಹಾಕುವ ಒತ್ತಡವನ್ನು ಅವಳೇ ಅಳೆದಿದ್ದಳಲ್ಲ! ಆದರೂ ಅವನಿಗೆ ಪ್ಯಾಡ್ ಇಲ್ಲದ ಹೊಸದೊಂದು ಪ್ಯಾಂಟು ಹಾಕಿಸಿ, ಬಟ್ಟೆಯೊಳಗೆ ಒತ್ತಡ ಅಳೆಯುವ ತೆಳು ಸೆನ್ಸರ್ ತೂರಿಸಿದಳು. ಅಂಕಿ ಸರಿಯಾಗಿಯೇ ಇತ್ತು. ಆಮೇಲೆ ಪ್ಯಾಡ್ ಸೇರಿಸಿದಳು... ಅಂಕಿ ಸರ್ರನೆ ಏರಿತು. ಪ್ಯಾಡಿನ ಅಂಚಿನಲ್ಲಿ ಮಾತ್ರ ಬಟ್ಟೆ ಮೈಬಿಟ್ಟು ಎದ್ದಿತ್ತು. ಅಲ್ಲಿ ಒತ್ತಡವೇ ಇರಲಿಲ್ಲ.

ಆ ಕೋಣೆಯಲ್ಲಿ ಮೊದಲಿನಿಂದಲೂ ಅಳತೆ ಮೊದಲು, ಪ್ಯಾಡ್ ಕೊನೆಗೆ. ಪ್ಯಾಡ್ ಬಟ್ಟೆಯನ್ನು ಇನ್ನಷ್ಟು ಎಳೆಯುತ್ತದೆ, ಉಬ್ಬಿದಲ್ಲಿ ಹೆಚ್ಚು ಒತ್ತುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳೂ ಅಷ್ಟೇ.

"ತಪ್ಪು ನನ್ನದೇ," ಎಂದಳು, ತಲೆ ತಗ್ಗಿಸದೆ. "ಸರಿ ಮಾಡೋದೂ ನಾನೇ."

ಅವನು ಮೊದಲ ಸಲ ನಕ್ಕ. ಅವಳ ಎದೆ ಯಾಕೋ ಡವಡವ ಎಂದಿತು...

ಪ್ಯಾಡಿನ ಅಂಚನ್ನು ಇಳಿಜಾರಾಗಿ ತೆಳುಮಾಡಿದಳು. ಅದರ ಮೇಲಿನ ಬಟ್ಟೆಯನ್ನು ಅಗಲ ಮಾಡಿದಳು. ಒತ್ತಡ ಹದಕ್ಕೆ ಬಂತು.

ಆದರೂ ಅವನು ಮತ್ತೆ ಬಂದ. "ಇಲ್ಲಿ ಸ್ವಲ್ಪ ಬಿಗಿ." ಮರುದಿನವೂ ಅದೇ ಮಾತು.

'ಒಮ್ಮೆ ತಪ್ಪಿದ್ದಕ್ಕೆ ನನ್ನ ಮೇಲೆ ನಂಬಿಕೆಯೇ ಹೋಯಿತೇ?' ಬೇರೆ ಯಾರಾಗಿದ್ದರೂ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವನನ್ನು ಇಷ್ಟಪಟ್ಟಾಗಿತ್ತಲ್ಲ... ಅವನೇ ನಂಬದಿದ್ದರೆ ನೋಯದೆ ಇರುತ್ತದೆಯೇ?

ಫೈನಲ್‌ನ ಹಿಂದಿನ ದಿನ ಅವನು ಬಂದಾಗ ಅವಳು ಸೆನ್ಸರ್ ಹಿಡಿದೇ ನಿಂತಿದ್ದಳು. ಪ್ಯಾಡ್ ಇರುವ ಪ್ಯಾಂಟಿನಲ್ಲೇ ಅವನನ್ನು ಕೂರಿಸಿ ಅಳೆದಳು, ಬಗ್ಗಿಸಿ ಅಳೆದಳು.

"ಎಲ್ಲೂ ಬಿಗಿ ಇಲ್ಲ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ್ರೆ ನೇರವಾಗಿ ಹೇಳಿ. ಬೇರೆಯವರ ಹತ್ರ ಹೊಲಿಸ್ಕೊಳ್ಳಿ."

ಅವನು ಗಾಬರಿಯಾದ. "ಅಯ್ಯೋ, ಹಾಗಲ್ಲ. ಅದು ಅವತ್ತೇ ಸರಿಹೋಗಿತ್ತು. ಅದನ್ನೇ ಹಾಕ್ಕೊಂಡು ಸೆಮಿಫೈನಲ್ ಆಡಿದ್ದು."

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ನೋಡೋಕೆ. ಬೇರೆ ನೆಪ ಹೊಳೀಲಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೂ ತುಂಬಿತು.

"ನಂಗೂ ನೀವಂದ್ರೆ ಇಷ್ಟ. ನಾಳೆ ಆಟ ಮುಗಿದ್ಮೇಲೆ ಬನ್ನಿ. ನೆಪ ಬೇಡ."

"ಸೋತ್ರೆ?"

"ಸೋತ್ರೂ ಬನ್ನಿ."