ನಡುಮನೆಯ ಚಿನ್ನದ ಪಟ್ಟಿ

"ಇಷ್ಟೊಂದು ಚುಟ್ಟ ಸೇದಿದ್ರೆ ಎದೆ ಸುಟ್ಟುಹೋಗುತ್ತೆ ಕಣ್ರೀ."

ಖುರ್ಷಿದ್ ನನ್ನ ಜೊತೆ ಆಡಿದ ಮೊದಲ ಮಾತು ಇದು. ಎಂಬತ್ತಾರನೇ ಇಸವಿ. ಗೌರಿಬಿದನೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಮರಗೆಲಸದ ಶೆಡ್ಡು, ಪಕ್ಕದಲ್ಲೇ ಅವಳ ಅಬ್ಬಾ ಉಸ್ಮಾನ್ ಸಾಬರ ಬೀಡಿ, ಚುಟ್ಟದ ಅಂಗಡಿ. ಅಬ್ಬಾಗೆ ಊಟದ ಕ್ಯಾರಿಯರ್ ತಂದವಳು, ನನ್ನ ಬೆಂಚಿನ ಮೇಲೆ ಡಬ್ಬಿಯ ತುಂಬ ಇದ್ದ ಚುಟ್ಟದ ಪಟ್ಟಿಗಳನ್ನು ನೋಡಿ ನಿಂತುಬಿಟ್ಟಿದ್ದಳು. ಚುಟ್ಟದ ಸೊಂಟಕ್ಕೆ ಸುತ್ತಿರುತ್ತದಲ್ಲ, ಕೆಂಪು ಹಸಿರು ಬಣ್ಣದ ಬೆರಳಗಲದ ಕಾಗದ, ಅದು.

"ನಾನು ಸೇದಲ್ಲ," ಅಂದೆ.

"ಮತ್ತೆ ಇವೆಲ್ಲ ಹಾರಿಕೊಂಡು ಬಂದ್ವಾ?"

"ಅವು ನನ್ನವು ಕಣಮ್ಮಾ," ಅಂದಳು ಮೂಲೆಯ ನೆರಳಲ್ಲಿ ಕೂತಿದ್ದ ಅಕ್ಕಯ್ಯಮ್ಮ. ದಿನಾ ಮಧ್ಯಾಹ್ನ ನನ್ನ ಶೆಡ್ಡಿಗೆ ಬಂದು ಚುಟ್ಟ ಹಚ್ಚುವ ಮುದುಕಿ. "ಐವತ್ತು ವರ್ಷದಿಂದ ಸೇದ್ತಾ ಇದೀನಿ, ಈ ಎದೆ ಇನ್ನೂ ಸುಟ್ಟಿಲ್ಲ. ನಿನ್ನ ಕಣ್ಣಲ್ಲೇ ಸುಟ್ಟುಬಿಡ್ತೀಯೇನೋ!"

ಖುರ್ಷಿದ್ ಓಢಣಿಯಲ್ಲಿ ನಗುವನ್ನು ಮುಚ್ಚಿಕೊಂಡಳು. ಕಣ್ಣು ಮುಚ್ಚಿಕೊಳ್ಳುವುದು ಮರೆತಳು. ನನಗೆ ಅಷ್ಟು ಸಾಕಾಯಿತು.

"ಪಟ್ಟಿಗಳಿಂದ ಏನು ಮಾಡ್ತೀರಿ?"

"ಚೌಕಾಬಾರದ ಟೇಬಲ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚೋದಲ್ಲ, ನಾಲ್ಕು ಕಾಲಿಂದು. ಒಂದೊಂದು ಮನೆಗೂ ಪಟ್ಟಿ ಅಂಟಿಸಿ ಮೇಲೆ ವಾರ್ನಿಷ್ ಹೊಡೆಯೋದು."

"ಮಾರೋಕಾ?"

"ಅಲ್ಲ."

"ಮತ್ತೆ ಯಾರಿಗೆ?"

ಆ ದಿನ ಉತ್ತರ ಗೊತ್ತಿರಲಿಲ್ಲ. ಒಂದು ವಾರದೊಳಗೆ ಗೊತ್ತಾಯಿತು.

ಆಮೇಲೆ ಅವಳ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಊಟದ ಬದಲು ಪಟ್ಟಿಗಳು ಬರತೊಡಗಿದವು. ಅಂಗಡಿಯ ಮುಂದೆ ಗಿರಾಕಿಗಳು ಬಿಸಾಕಿದ್ದನ್ನು ಆರಿಸಿ, ನೀರಿನ ಕೈಯಲ್ಲಿ ಒರೆಸಿ, ಪುಸ್ತಕದ ನಡುವೆ ಇಟ್ಟು ಮಟ್ಟ ಮಾಡಿ ತರುತ್ತಿದ್ದಳು. ಹೊರಗಿನ ಹದಿನಾರು ಮನೆಗೆ ಕೆಂಪು, ಒಳಸುತ್ತಿನ ಎಂಟಕ್ಕೆ ಹಸಿರು. ಕಾಯಿ ಕೊನೆಗೆ ಹೋಗಿ ಸೇರುವ ನಡುಮನೆಗೆ ಮಾತ್ರ ಚಿನ್ನದ ಬಣ್ಣದ್ದೇ ಆಗಬೇಕು ಅಂತ ಹಟ ಹಿಡಿದವಳು ಅವಳೇ. ಚಿನ್ನದ ಪಟ್ಟಿ ಚುಟ್ಟದ ಒಂದು ಪೆಟ್ಟಿಗೆಗೆ ಒಂದೇ ಇರುತ್ತಿತ್ತು. ನಡುಮನೆ ತುಂಬಲು ಹದಿನಾರು ಬೇಕು.

"ಹದಿನಾರನೇದು ಅಂಟಿಸಿದ ದಿನ ನಮ್ಮ ಅಮ್ಮೀನ ನಿಮ್ಮನೆಗೆ ಮಾತಾಡೋಕೆ ಕಳಿಸ್ತೀನಿ," ಅಂದೆ.

ಅವಳು ಪಟ್ಟಿ ಎಣಿಸುತ್ತಿದ್ದವಳು ಲೆಕ್ಕ ತಪ್ಪಿ ಮೊದಲಿಂದ ಶುರು ಮಾಡಿದಳು.

ಅಕ್ಕಯ್ಯಮ್ಮನ ಎದುರು ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಉರ್ದುವಿನಲ್ಲಿ ಮಾತಾಡಿದರೆ ಮುದುಕಿಗೆ ಗುಮಾನಿ. ಅರ್ಧ ಆದ ಟೇಬಲ್ಲಿನ ಮೇಲೇ ಆಟ ಹೂಡುತ್ತಿದ್ದೆವು. ನನ್ನ ಕಾಯಿ ಹುಣಸೆ ಬೀಜ, ಅವಳದು ಹಸಿರು ಬಳೆಯ ಚೂರು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಅದು ಆಟದ ಕಟ್ಟಳೆ. ನಾನು ಅವಳದನ್ನು ಕಡಿಯಲಿಲ್ಲ. ಅವಳು ನನ್ನದನ್ನು ಕಡಿಯಲಿಲ್ಲ. ಕಡಿಯುವಷ್ಟು ಕವಡೆ ಬಿದ್ದರೂ ಬೇರೆ ಕಾಯಿ ನಡೆಸುತ್ತಿದ್ದೆವು. ಹೊರಗಡೆಯೇ ಸುತ್ತು ಮೇಲೆ ಸುತ್ತು.

"ಏಮಪ್ಪಾ ದಸ್ತಗಿರಪ್ಪಾ, ಆಟ ಆಡ್ತಿದೀರೋ, ಪ್ರದಕ್ಷಿಣೆ ಹಾಕ್ತಿದೀರೋ?" ಅಂತ ಅಕ್ಕಯ್ಯಮ್ಮ ರೇಗುತ್ತಿದ್ದಳು.

ಹದಿನೈದನೇ ಚಿನ್ನದ ಪಟ್ಟಿ ಬಂತು. ಹದಿನಾರನೆಯದು ಬರಲೇ ಇಲ್ಲ. "ಈ ಸಲದ ಪೆಟ್ಟಿಗೇಲಿ ಹರಿದುಹೋಗಿತ್ತು" ಅನ್ನುತ್ತಿದ್ದಳು. ನಾನೂ ಅವಸರ ಮಾಡಲಿಲ್ಲ. ಹಾಗೇ ಮೂರು ತಿಂಗಳು ಹೋಯಿತು.

ಒಂದು ಸೋಮವಾರ ಅವಳು ಕ್ಯಾರಿಯರ್ ಕೆಳಗಿಟ್ಟು, ಟೇಬಲ್ಲಿನ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದಳು:

"ಭಾಯಿಜಾನ್‌ಗೆ ಹೆಣ್ಣು ಸಿಕ್ತು. ಶಿಡ್ಲಘಟ್ಟದಲ್ಲಿ, ರೇಷ್ಮೆ ಬಿಚ್ಚೋರ ಮನೆ."

ಅವಳ ಅಣ್ಣ ಖಾಜಾ ಪೀರ್‌ಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸೊರಗಿತ್ತು. ಮೂವತ್ತನಾಲ್ಕು ದಾಟಿತ್ತು. ಹೆಣ್ಣು ಕೇಳಲು ಹೋದ ಮನೆಯವರೆಲ್ಲ ಚಹಾ ಕೊಟ್ಟು ಕಳಿಸಿದ್ದರು.

"ಒಳ್ಳೇದಾಯ್ತಲ್ಲ," ಅಂದೆ.

"ಕೊಟ್ಟು ತರೋದು."

ನನ್ನ ಕೈಯಲ್ಲಿದ್ದ ಉಳಿ ನಿಂತಿತು. ಅಂದರೆ ಅವರ ಹುಡುಗಿ ಈ ಮನೆಗೆ, ಈ ಮನೆಯ ಹುಡುಗಿ ಅವರ ಮಗನಿಗೆ. ಒಂದು ಮದುವೆ ಮುರಿದರೆ ಎರಡೂ ಮುರಿದ ಹಾಗೆ.

"ಇವತ್ತೇ ಅಮ್ಮೀನ ಕಳಿಸ್ತೀನಿ."

"ಕಳಿಸಿ. ನಾನು ಅತ್ತರೆ ಅಬ್ಬಾ ಒಪ್ಪಿದ್ರೂ ಒಪ್ತಾರೆ. ಆಮೇಲೆ ಭಾಯಿಜಾನ್ ಮುಖ ಯಾರು ನೋಡ್ತಾರೆ, ನೀವಾ? ಶುಕ್ರವಾರ ಮಾತಾಯ್ತು. ಶನಿವಾರ ಹೊಸ ಚಪ್ಪಲಿ ತಂದಿದಾರೆ. ಮನೆಯೊಳಗೇ ಹಾಕ್ಕೊಂಡು ನೆಟ್ಟಗೆ ನಡೆಯೋದು ಕಲೀತಿದಾರೆ."

ನಾನು ಮರದ ಕೆಲಸದವನು. ಯಾವ ಹಲಗೆ ಎಷ್ಟು ಭಾರ ಹೊರುತ್ತದೆ ಅನ್ನುವುದು ಮುಟ್ಟಿದರೆ ತಿಳಿಯುತ್ತದೆ. ಆ ಚಪ್ಪಲಿಯ ಮೇಲೆ ಕಾಲಿಟ್ಟು ನಮ್ಮ ಸಂಸಾರ ನಿಲ್ಲುತ್ತಿರಲಿಲ್ಲ.

"ಒಂದಾಟ ಆಡಿ ಹೋಗು," ಅಂದೆ.

ಆಡಿದೆವು. ಕಟ್ಟೆ ಅನ್ನುವ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನಾನು ನನ್ನ ಬೀಜವನ್ನು ಬೇಕೆಂದೇ ಕಟ್ಟೆಯಿಂದ ಇಳಿಸಿ, ಅವಳ ಕಾಯಿಗೆ ಸರಿಯಾಗಿ ಮೂರು ಮನೆ ಮುಂದೆ ಇಟ್ಟೆ. ಅವಳು ನನ್ನ ಮುಖ ನೋಡಿದಳು. ಮೊದಲ ಸಲ ಅವಳಿಗೆ ಎರಡು ಬಿತ್ತು, ಬೇರೆ ಕಾಯಿ ನಡೆಸಿದಳು. ನಾನು ಆ ಬೀಜವನ್ನು ಕದಲಿಸಲಿಲ್ಲ. ಮತ್ತೆ ಹಾಕಿದಾಗ ಮೂರು.

"ಬೇರೇದು ನಡೆಸ್ತೀನಿ."

"ಬೇಡ. ಕಡಿ."

"ಕೈ ಬರ್ತಿಲ್ಲ ರೀ."

"ಕಡೀದೆ ಒಳಗೆ ಹೋಗೋಕಾಗಲ್ಲ ಖುರ್ಷಿದ್. ನಂದನ್ನ ಕಡಿದ್ರೆ ಒಂದೇ ಕಾಯಿ ಹೋಗೋದು."

ಅಕ್ಕಯ್ಯಮ್ಮ ಗೋಡೆಯ ಕಡೆ ತಿರುಗಿ ಕೂತಿದ್ದಳು. ಅವಳ ಚುಟ್ಟ ಆರಿಹೋಗಿತ್ತು.

ಒಂದು, ಎರಡು, ಮೂರು. ಖುರ್ಷಿದ್ ನನ್ನ ಹುಣಸೆ ಬೀಜವನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಅಷ್ಟು ತಿಂಗಳಲ್ಲಿ ಅವಳ ಬೆರಳು ನನಗೆ ತಾಕಿದ್ದು ಅದೊಂದೇ ಸಲ. ಕಡಿದವರಿಗೆ ಇನ್ನೊಮ್ಮೆ ಕವಡೆ ಹಾಕುವ ಹಕ್ಕುಂಟು. ಅವಳು ಹಾಕಲಿಲ್ಲ.

ಕುಪ್ಪಸದಿಂದ ಮಡಿಸಿದ ಕಾಗದ ತೆಗೆದಳು. ಅದರೊಳಗೆ ಚಿನ್ನದ ಪಟ್ಟಿ.

"ಬಂದು ಮೂರು ತಿಂಗಳಾಯ್ತು. ಕೊಟ್ರೆ ಟೇಬಲ್ ಮುಗಿದುಹೋಗುತ್ತೆ, ಆಮೇಲೆ ಈ ಶೆಡ್ಡಿಗೆ ಯಾವ ನೆಪದಲ್ಲಿ ಬರಲಿ ಅಂತ ಇಟ್ಕೊಂಡಿದ್ದೆ."

ನನಗೆ ನಗು ಬಂತು. ಬರಬಾರದಿತ್ತು.

"ಟೇಬಲ್ಲಿನ ಮರಗೆಲಸ ಕೂಡ ಆವಾಗ್ಲೇ ಮುಗಿದಿತ್ತು. ದಿನಾ ಬೆಳಿಗ್ಗೆ ಕಾಲಿನ ಬೆಣೆ ಬಿಚ್ಚಿಡೋದು, ನೀನು ಬಂದಾಗ ಕೂತು ಬಡಿಯೋದು."

"ಅಯ್ಯೋ ದೇವರೇ," ಅಂದಳು. ನಕ್ಕಳು. ಈ ಸಲ ಓಢಣಿಯಲ್ಲಿ ಕಣ್ಣು ಮುಚ್ಚಿಕೊಂಡಳು. "ಇಬ್ರಲ್ಲಿ ಒಬ್ರಿಗಾದ್ರೂ ಬುದ್ಧಿ ಇದ್ದಿದ್ರೆ..."

ಕ್ಯಾರಿಯರ್ ತಗೊಂಡು ಹೋದಳು. ಮುಂದಿನ ತಿಂಗಳು ಒಂದೇ ಚಪ್ಪರದಲ್ಲಿ ಎರಡು ನಿಕಾ ಆದವು. ಖಾಜಾ ಪೀರ್ ನನ್ನನ್ನು ತಬ್ಬಿಕೊಂಡ. ನೆಟ್ಟಗೇ ನಡೆದುಬಂದಿದ್ದ.

ಹದಿನಾರನೆಯ ಪಟ್ಟಿ ಅಂಟಿಸಿ, ವಾರ್ನಿಷ್ ಒಣಗಿದ ಮೇಲೆ, ಅವಳ ಬಳೆ ಚೂರನ್ನು ನಾನೇ ನಡುಮನೆಯಲ್ಲಿಟ್ಟೆ.

ಆಮೇಲೆ ಮಧ್ಯಾಹ್ನಗಳಲ್ಲಿ ಅಕ್ಕಯ್ಯಮ್ಮ ನನ್ನೆದುರು ಕೂತು ಆಡುತ್ತಿದ್ದಳು. ಬೇಕೆಂದೇ ತನ್ನ ಕಾಯಿಯನ್ನು ನನ್ನ ಕಾಯಿಯ ಮುಂದೆ ತಂದಿಡುತ್ತಿದ್ದಳು. "ಕಡಿಯಪ್ಪಾ, ನಾನೇನು ಅಳಲ್ಲ. ಒಳಗಾದ್ರೂ ಹೋಗು."

ನಾನು ಬೇರೆ ಕಾಯಿ ನಡೆಸುತ್ತಿದ್ದೆ.