ನೂರರಲ್ಲಿ ಎಂಟು ಹೆಂಗಸರು

“ಆ ಅರ್ಜಿ ಕೊಡಿ ಅತ್ತೆ,” ಎಂದಳು ಸೊಸೆ. ದತ್ತು ಮಗುವಿಗಾಗಿ ಮಗ-ಸೊಸೆ ತುಂಬಿಟ್ಟಿದ್ದ ಅರ್ಜಿಯನ್ನು ಎದೆಗೊತ್ತಿ ಹಿಡಿದು ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

“ನಿನ್ನ ಎದೆಯ ಗಡ್ಡೆ ತೆಗೆದು, ರೇಡಿಯೇಷನ್ ಮುಗಿದು ಎರಡು ವರ್ಷ ಆಯ್ತು, ನಿಜ. ಮತ್ತೆ ಬರಲ್ಲ ಅಂತ ಡಾಕ್ಟರು ಬರೆದುಕೊಡಲಿ. ಒಂದು ಸಲ ತಾಯಿನ ಕಳ್ಕೊಂಡ ಮಗು ಅದು... ಇನ್ನೊಂದು ಸಲ ಕಳ್ಕೊಳ್ಳೋಕೆ ಇಲ್ಲಿಗೆ ಬರಬೇಕಾ?”

ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಅತ್ತೆಗೆ ಹೌದು, ಇಲ್ಲ ಎರಡೇ ಗೊತ್ತು. ಹಟ ಬಿಡದೆ ಮರುದಿನ ಸೊಸೆಯ ಜೊತೆ ತಾವೇ ಆಸ್ಪತ್ರೆಗೆ ಹೊರಟರು.

ಡಾಕ್ಟರಮ್ಮ ಗಡ್ಡೆಯ ಅಳತೆ, ಸೊಸೆಯ ವಯಸ್ಸು, ಕೊಟ್ಟ ಚಿಕಿತ್ಸೆ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದರು. “ಇವರಂಥ ನೂರು ಹೆಂಗಸರಲ್ಲಿ ಹತ್ತು ವರ್ಷದೊಳಗೆ ಎಂಟು ಜನಕ್ಕೆ ಕಾಯಿಲೆ ಮರಳಬಹುದು. ತೊಂಬತ್ತೆರಡು ಜನಕ್ಕೆ ಇಲ್ಲ.”

“ಇವಳು ಯಾವುದರಲ್ಲಿ?”

“ಅದು ನನಗೂ ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಾಗಲ್ಲ.”

“ಹಾಗಾದ್ರೆ ಈ ಎಂಟು ಎಲ್ಲಿಂದ ಬಂತು?”

“ಹಿಂದೆ ಇದೇ ಕಾಯಿಲೆ ಬಂದಿದ್ದ ಸಾವಿರಾರು ಹೆಂಗಸರಿಂದ. ವಾಸಿಯಾದವರೂ ವರ್ಷ ವರ್ಷ ಬಂದು ತೋರಿಸಿಕೊಂಡು ಹೋದರು. ಕಾಯಿಲೆ ಮರುಕಳಿಸಿದವರು, ತೀರಿಕೊಂಡವರು, ಎಲ್ಲರೂ ಇದರಲ್ಲಿದ್ದಾರೆ.”

ಅತ್ತೆ ಕಂಪ್ಯೂಟರಿನ ಕಡೆ ಬಗ್ಗಿ ನೋಡಿದರು. ಮುಖವೇ ನೋಡದ ಸಾವಿರಾರು ಹೆಂಗಸರು... ತಮ್ಮ ನೋವಿನ ನಡುವೆಯೂ ಬಂದು, ತಮ್ಮ ಸೊಸೆಗಾಗಿ ಇಷ್ಟನ್ನು ತಿಳಿಸಿಹೋಗಿದ್ದರು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದರು: “ನನ್ನದೂ ಹೇಳಿ. ನನ್ನ ವಯಸ್ಸಿನ ನೂರು ಜನರಲ್ಲಿ ಹತ್ತು ವರ್ಷ ಬದುಕೋರು ಎಷ್ಟು?”

ಡಾಕ್ಟರಮ್ಮ ನಕ್ಕರು. “ನಿಮ್ಮ ಸೊಸೆಯ ತೊಂಬತ್ತೆರಡರಷ್ಟು ಇರಲ್ಲಮ್ಮ ನಿಮ್ಮದು.”

ಅತ್ತೆಗೂ ನಗು ಬಂತು, ಅದರ ಬೆನ್ನಿಗೇ ಅಳು. ಮಗನಿಗೆ ಎರಡು ವರ್ಷವಿದ್ದಾಗ ಬೆಳಿಗ್ಗೆ ಕೆಲಸಕ್ಕೆ ಹೋದ ಗಂಡ ಜೀವಂತ ಮರಳಿರಲಿಲ್ಲ. ಅಂದು ತಮಗೆ ಯಾರು ಏನು ಬರೆದುಕೊಟ್ಟಿದ್ದರು?

ಹೊರಗೆ ಬೆಂಚಿನ ಮೇಲೆ ಸರದಿಗಾಗಿ ಹೆಂಗಸರು ಕಾದಿದ್ದರು. ಒಬ್ಬಾಕೆಯ ತಲೆಗೆ ಕೂದಲು ಆಗತಾನೇ ಚಿಗುರಿತ್ತು. ಅತ್ತೆ ಆಕೆಯೆದುರು ನಿಂತು ಕೈ ಮುಗಿದರು. ಆಕೆ ಗಲಿಬಿಲಿಗೊಂಡು ತಾನೂ ಮುಗಿದಳು.

ಮೆಟ್ಟಿಲಿಳಿಯುವಾಗ ಸೊಸೆ ಮೆಲ್ಲಗೆ ಕೇಳಿದಳು, “ಆ ಎಂಟರಲ್ಲಿ ನಾನಿದ್ದರೆ ಅತ್ತೆ?”

“ಇದ್ದರೆ ನೀನು ಚಿಕಿತ್ಸೆ ನೋಡ್ಕೋ. ಮಗುವನ್ನ ನಾನು ನೋಡ್ಕೋತೀನಿ. ಒಬ್ಬನ್ನ ಸಾಕಿ ನಿನಗೆ ಕೊಟ್ಟಿಲ್ವಾ?”

ಸೊಸೆ ಅವರ ಭುಜಕ್ಕೆ ಮುಖವಿಟ್ಟು ಬಿಕ್ಕಿದಳು...

ಮುಂದಿನ ವರ್ಷದ ತಪಾಸಣೆಯ ದಿನ ಅತ್ತೆಯ ತೊಡೆಯ ಮೇಲೆ ಮೂರು ವರ್ಷದ ಹುಡುಗಿ ನಿದ್ದೆಹೋಗಿದ್ದಳು. ಒಳಗೆ ಡಾಕ್ಟರಮ್ಮ ಸೊಸೆಯ ಹೆಸರಿನ ಮುಂದೆ ‘ಏನೂ ಇಲ್ಲ’ ಎಂದು ಬರೆಯುತ್ತಿದ್ದರು. ಮುಂದೆಂದೋ ಬರಲಿರುವ ಯಾವಳೋ ಒಬ್ಬಳಿಗೆ, ಸೊಸೆಯೂ ಈಗ ಆ ಸಾವಿರಾರು ಹೆಂಗಸರಲ್ಲಿ ಒಬ್ಬಳಾಗಿದ್ದಳು.