ನಲವತ್ತು ಯೂನಿಟ್

ದೆಹಲಿಯ ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿ ಆ ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾದಾಗ ಧನ್ಯಾ ತಿಂಡಿಗೆ ಮುಂಚಿನ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ವಾರವಿಡೀ ಗ್ರೇಟರ್ ನೋಯ್ಡಾದ ಕಚೇರಿಗೆ ಕಾರು ಓಡಿಸಿ ಅವಳ ಮೈ ಹಣ್ಣಾಗಿತ್ತು. ಎದ್ದು ಬಾಗಿಲು ತೆಗೆಯಲೂ ಬೇಸರ.

ಬಂದವಳು ರಶ್ಮಿತಾ. ವಸಂತ್ ಕುಂಜ್‌ನಲ್ಲಿ ಉಡುಪಿ ಹೋಟೆಲ್ ನಡೆಸುವ ಮೋನಪ್ಪನವರ ಸೊಸೆ. ಅವಳು ಹುಡುಕಿಕೊಂಡು ಬಂದದ್ದು ಧನ್ಯಾಳ ದೊಡ್ಡಮ್ಮ ರತ್ನಮ್ಮನವರನ್ನು. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು ನಿವೃತ್ತರಾಗಿ ಮಗನ ಈ ಕ್ವಾರ್ಟರ್ಸಿನಲ್ಲಿದ್ದ ರತ್ನಮ್ಮನವರ ಬಳಿಗೆ, ಪೊಲೀಸರಿಗೆ ಹೇಳಲಾಗದ ಸಂಗತಿಗಳನ್ನು ಹೊತ್ತು ದೆಹಲಿಯ ಕನ್ನಡಿಗರು ಬರುತ್ತಲೇ ಇದ್ದರು. ಕಾರು ಓಡಿಸುವುದು, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಧನ್ಯಾಳ ಪಾಲಿನ ಕೆಲಸ.

"ಮೊನ್ನೆ ಶುಕ್ರವಾರ ಮಾವ ಗಲ್ಲಾದಲ್ಲೇ ಎಚ್ಚರ ತಪ್ಪಿ ಬಿದ್ದರು ಸಿಸ್ಟರ್. ಅಡುಗೆಯ ಶ್ರವಣನೇ ವಿಷ ಹಾಕಿದ್ದಾನೆ ಅಂತ ನಮ್ಮ ಯಜಮಾನರ ಹಟ. ಇವತ್ತು ಮಧ್ಯಾಹ್ನ ಮಾವ ಆಸ್ಪತ್ರೆಯಿಂದ ಮನೆಗೆ ಬರ್ತಾರೆ. ಆಮೇಲೆ ಯಜಮಾನರು ಸೀದಾ ಠಾಣೆಗೆ ಹೋಗ್ತಾರಂತೆ. ಶ್ರವಣ ಅಂಥವನಲ್ಲ."

"ಮೊದಲಿಂದ ಹೇಳಮ್ಮ," ಎಂದರು ರತ್ನಮ್ಮ, ಕಣ್ಣು ಮುಚ್ಚಿಕೊಂಡೇ.

ಮೋನಪ್ಪನವರಿಗೆ ಇಪ್ಪತ್ತು ವರ್ಷದಿಂದ ಶುಗರ್. ಮೊದಲು ಮಾತ್ರೆ ಸಾಕಾಗುತ್ತಿತ್ತು. ಎರಡು ವರ್ಷದಿಂದ ಊಟಕ್ಕೆ ಮುಂಚೆ ಹದಿನಾರು ಯೂನಿಟ್ ಇನ್ಸುಲಿನ್. ಕಳೆದ ತಿಂಗಳು ಶುಗರ್ ಏಕಾಏಕಿ ಮುನ್ನೂರೈವತ್ತು ದಾಟಿತು. ಬಿಂದಿಗೆಗಟ್ಟಲೆ ನೀರು ಕುಡಿದರೂ ತೀರದ ದಾಹ, ಗಳಿಗೆಗೊಮ್ಮೆ ಮೂತ್ರಕ್ಕೆ ಓಟ, ಸೊಂಟದಲ್ಲಿ ನಿಲ್ಲದ ಪ್ಯಾಂಟು. ಡಾಕ್ಟರು ಪ್ರಮಾಣ ಏರಿಸುತ್ತಾ ಏರಿಸುತ್ತಾ ನಲವತ್ತಕ್ಕೆ ತಂದರು. ಆದರೂ ಇಳಿಯಲಿಲ್ಲ. ಶುಗರ್ ಹತೋಟಿ ತಪ್ಪಿದರೆ ಹೋಟೆಲ್ ಬಿಟ್ಟು ವಿಶ್ರಾಂತಿ ತಗೊಳ್ಳಬೇಕಾದೀತು ಎಂದು ಅವರು ಮೊದಲೇ ಎಚ್ಚರಿಸಿದ್ದರು.

"ಅತ್ತೆ ಪಾಪ ಎಷ್ಟು ನೋಡಿಕೊಳ್ತಾರೆ! ಇನ್ಸುಲಿನ್ ಡಬ್ಬಿಯೊಳಗಿನ ಕಾಗದವನ್ನೂ ನನ್ನ ಕೈಲಿ ಪೂರ್ತಿ ಓದಿಸಿದರು. ದಿನಾ ಬೆಳಿಗ್ಗೆ ಫ್ರಿಜ್ಜಿನಿಂದ ಇನ್ಸುಲಿನ್ ಪೆನ್ ತೆಗೆದುಕೊಡೋದೂ ಅವರೇ."

"ಶುಕ್ರವಾರ?"

"ಮಧ್ಯಾಹ್ನ ಪೆನ್ ಖಾಲಿಯಾಯಿತು. ಗಿರಾಕಿಗಳ ಗದ್ದಲದಲ್ಲಿ ಮನೆಗೆ ಹೋಗಿಬರೋಕೆ ಆಗದೆ ಶ್ರವಣ ಪಕ್ಕದ ಅಂಗಡಿಯಿಂದ ಹೊಸದು ತಂದ. ಮಾವ ಚುಚ್ಚಿಕೊಂಡರು, ಒಂದು ತಾಸಿಗೆ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ ಮೂವತ್ತೆರಡು!"

ಮಾತಿನ ನಡುವೆ ಅವಳ ಕಣ್ಣು ಧನ್ಯಾಳ ಪೆನ್ನಿನ ಮೇಲೆ ಬಿತ್ತು. "ನಿಮಗೂ ಶುಗರಾ? ಇಷ್ಟು ಚಿಕ್ಕ ವಯಸ್ಸಿಗೆ?"

ಧನ್ಯಾ ಆ ಪ್ರಶ್ನೆಗೆ ಹನ್ನೊಂದನೇ ವಯಸ್ಸಿನಿಂದ ಉತ್ತರ ಕೊಡುತ್ತಿದ್ದಳು. "ನನ್ನದು ಟೈಪ್ ಒನ್. ನನ್ನ ದೇಹ ಇನ್ಸುಲಿನ್ ಮಾಡೋದನ್ನೇ ನಿಲ್ಲಿಸಿದೆ. ನಿಮ್ಮ ಮಾವಂದು ಟೈಪ್ ಟೂ. ಅವರ ದೇಹ ಮಾಡುತ್ತೆ, ಆದರೆ ಸಾಲದು, ಮಾಡಿದ್ದೂ ಸರಿಯಾಗಿ ನಾಟೋದಿಲ್ಲ." ಸಿಹಿ ತಿಂದು ಬಂದದ್ದಾ ಎಂದು ರಶ್ಮಿತಾ ಕೇಳಲಿಲ್ಲ. ಅಷ್ಟಕ್ಕೇ ಧನ್ಯಾಳಿಗೆ ಅವಳ ಮೇಲೆ ವಿಶ್ವಾಸ ಹುಟ್ಟಿತು.

ಮೂವರೂ ವಸಂತ್ ಕುಂಜ್ ತಲುಪಿದಾಗ ಹೋಟೆಲಿನಲ್ಲಿ ಮೋನಪ್ಪನವರ ಮಗ, ರಶ್ಮಿತಾಳ ಗಂಡ ರಿತೇಶ್ ಗಲ್ಲಾದ ಹಿಂದೆ ನಿಂತಿದ್ದ. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ಪೆನ್ನಲ್ಲಿ ಏನೋ ಬೆರೆಸಿದ್ದಾನೆ ಆಂಟಿ. ಅಪ್ಪ ಬಿದ್ದ ತಕ್ಷಣ ಇವನು ಓಡಿಬಂದು ಬಾಯೊಳಗೆ, ಕೆನ್ನೆಯ ಒಳಬದಿಗೆ ಜೇನು ಸವರಿದ. ಶುಗರ್ ಇಳಿದಿದೆ ಅಂತ ಇವನಿಗೆ ಹೇಗೆ ಗೊತ್ತಾಯಿತು? ಮಾಡಿದವನಿಗೆ ತಾನೇ ಗೊತ್ತಿರೋದು? ಮೂರು ವರ್ಷದಿಂದ ಅಪ್ಪ ಊರಿಗೆ ರಜೆ ಕೊಟ್ಟಿಲ್ಲ ಅಂತ ಸಿಟ್ಟು ಬೇರೆ."

ಶ್ರವಣ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದ. "ಮೋನಪ್ಪಣ್ಣನ ಅಂಗಿ ಬೆವರಿಗೆ ತೊಪ್ಪೆಯಾಗಿತ್ತು ಅಮ್ಮ. ಕೈ ನಡುಗ್ತಿತ್ತು, ಏನೇನೋ ಬಡಬಡಿಸ್ತಿದ್ದರು. ನನ್ನ ಅಕ್ಕನಿಗೂ ಶುಗರ್ ಇಳಿದಾಗ ಹಾಗೇ ಆಗ್ತದೆ. ಅದಕ್ಕೇ ಹಚ್ಚಿದೆ. ಪೆನ್ನಿನ ಸೀಲು ಒಡೆದದ್ದೂ ಅಣ್ಣನೇ, ಈ ಗಲ್ಲಾದಲ್ಲೇ." ಅವನು ಜಗಳಕ್ಕೆ ನಿಲ್ಲಲಿಲ್ಲ. ಜಗಳಕ್ಕೆ ಬೇಕಾದ ಶಕ್ತಿಯೂ ಅವನಲ್ಲಿ ಉಳಿದಂತಿರಲಿಲ್ಲ.

ಹೋಟೆಲಿನ ಎದುರು ಬ್ಲಾಕಿನಲ್ಲೇ ಮೋನಪ್ಪನವರ ಫ್ಲ್ಯಾಟು. ಹೆಂಡತಿ ಅಮ್ಮಣ್ಣಿ ಬಾಗಿಲು ತೆಗೆದರು.

"ಇಲ್ಲಿ ಯಾರ್ಯಾರು ಇರೋದು?" ಎಂದು ಕೇಳಿದರು ರತ್ನಮ್ಮ.

"ನಾವಿಬ್ಬರೇ. ಮಗ, ಸೊಸೆ ಇರೋದು ಗ್ರೇಟರ್ ನೋಯ್ಡಾದಲ್ಲಿ. ಹೋಟೆಲಿಗೆ ಬರ್ತಾರೆ, ಮೇಲೆ ಹತ್ತಿ ಬರೋಕೆ ಯಾರಿಗೆ ಪುರುಸೊತ್ತು?"

ಫ್ರಿಜ್ಜಿನ ಬಾಗಿಲಿನಲ್ಲಿ ಎರಡು ಪೆನ್ನುಗಳಿದ್ದವು. ಧನ್ಯಾ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀರಿನಂತೆ ತಿಳಿಯಾಗಿರಬೇಕಾದ ಮದ್ದಿನಲ್ಲಿ ಸಣ್ಣ ಬಿಳಿ ಚೂರುಗಳು ತೇಲುತ್ತಿದ್ದವು. ಒಳಗೆ ಕಡಲೆಕಾಳಿನಷ್ಟು ದೊಡ್ಡ ಗಾಳಿಗುಳ್ಳೆ. ಇನ್ನೊಂದೂ ಹಾಗೆಯೇ. ಪಕ್ಕದ ನೀರಿನ ಬಾಟಲಿ ಮಾತ್ರ ಸರಿಯಾಗಿತ್ತು. ರತ್ನಮ್ಮ ಅದನ್ನು ಅಲುಗಿಸಿ ನೋಡಿ ಬಾಗಿಲು ಮುಚ್ಚಿದರು.

ಮೂರೂವರೆಗೆ ಮೋನಪ್ಪ ಮನೆಗೆ ಬಂದರು. ರತ್ನಮ್ಮ ಎಲ್ಲರನ್ನೂ ಮುಂದಿನ ಕೋಣೆಗೆ ಕರೆದರು. ಅವರ ದನಿಯಲ್ಲಿ ಗೆದ್ದ ಖುಷಿ ಇಲ್ಲದ್ದನ್ನು ಧನ್ಯಾ ಗಮನಿಸಿದಳು.

"ಶ್ರವಣ ತಂದ ಪೆನ್ನಿನಲ್ಲಿ ತಪ್ಪೇನೂ ಇರಲಿಲ್ಲ ರಿತೇಶ್. ಕಳೆದ ತಿಂಗಳಿನಿಂದೀಚೆಗೆ ನಿಮ್ಮಪ್ಪನ ಮೈಗೆ ಹೋದ ಮೊದಲ ಸರಿಯಾದ ಇನ್ಸುಲಿನ್ ಅದು. ದಾಹ, ಮೂತ್ರ, ಸೊರಗೋದು, ಇವೆಲ್ಲ ಇನ್ಸುಲಿನ್ ಇಲ್ಲದವರ ಲಕ್ಷಣ. ದಿನಾ ಚುಚ್ಚಿಕೊಂಡರೂ ಅವು ಬಂದವು ಅಂದರೆ ಮದ್ದು ಸತ್ತಿತ್ತು. ಅದು ಗೊತ್ತಿಲ್ಲದ ಡಾಕ್ಟರು ನಲವತ್ತಕ್ಕೆ ಏರಿಸಿದರು. ಶುಕ್ರವಾರ ಜೀವ ಇರೋ ಮದ್ದು ಅದೇ ನಲವತ್ತು ಯೂನಿಟ್ ಹೋಯಿತು. ಹದಿನಾರು ಸಾಕಾಗ್ತಿದ್ದ ಮೈಗೆ! ಶುಗರ್ ಪಾತಾಳಕ್ಕೆ ಇಳಿಯದೆ ಇನ್ನೇನಾಗುತ್ತೆ? ಬೆವರು, ನಡುಕ, ಬಡಬಡಿಕೆ ಅದರ ಲಕ್ಷಣ. ಶ್ರವಣ ಅದನ್ನು ಗುರುತಿಸಿದ್ದಕ್ಕೇ ಇವರು ಇವತ್ತು ಇಲ್ಲಿ ಕೂತಿದ್ದಾರೆ."

ರಿತೇಶ್ ಶ್ರವಣನ ಕಡೆ ನೋಡಿದ, ತಲೆ ತಗ್ಗಿಸಿದ. "ಹಾಗಾದರೆ ಮದ್ದು ಹೇಗೆ ಸತ್ತಿತು?"

"ಹೆಪ್ಪುಗಟ್ಟಿ. ಒಮ್ಮೆ ಮಂಜಾದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಆ ಚೂರು, ಆ ಗುಳ್ಳೆ ಅದರದೇ ಗುರುತು. ಫ್ರಿಜ್ಜಿನ ದೋಷವಾಗಿದ್ದರೆ ಪಕ್ಕದ ನೀರೂ ಗಡ್ಡೆಯಾಗಬೇಕಿತ್ತು. ಯಾರೋ ಪೆನ್ನನ್ನು ಮೇಲಿನ ಐಸಿನ ಗೂಡಿನಲ್ಲಿಟ್ಟು, ಮತ್ತೆ ಕೆಳಗಿಟ್ಟಿದ್ದಾರೆ. ಹಾಗೆ ಮಾಡಿದರೆ ಮದ್ದು ಕೆಡುತ್ತೆ ಅಂತ ಆ ಕಾಗದದಲ್ಲಿ ಬರೆದಿದೆ. ಅದನ್ನು ಓದಿಸಿಕೊಂಡವರು, ಈ ಮನೆಯಲ್ಲಿ ಇರುವವರು, ದಿನಾ ಪೆನ್ ಕೈಗೆ ಕೊಡುವವರು ಒಬ್ಬರೇ."

ಯಾರೂ ಹೆಸರು ಹೇಳಬೇಕಾಗಲಿಲ್ಲ.

"ಸಾಯಿಸಬೇಕು ಅಂತಲ್ಲ," ಎಂದರು ಅಮ್ಮಣ್ಣಿ. ಅವರ ಕಣ್ಣಲ್ಲಿ ನೀರಿರಲಿಲ್ಲ. "ಶುಗರ್ ಹತೋಟಿ ತಪ್ಪಿದರೆ ಹೋಟೆಲ್ ಬಿಡಿಸ್ತೇನೆ ಅಂತ ಮೊದಲೇ ಅಂದಿದ್ದರಲ್ಲ ಡಾಕ್ಟರು? ಸುಸ್ತಾಗ್ತದೆ, ಮನೇಲಿ ಕೂರ್ತಾರೆ ಅಂತ. ಅಷ್ಟೇ."

"ಏರಿದ ಶುಗರೂ ಕೊಲ್ಲುತ್ತೆ ಅಮ್ಮಣ್ಣಿ," ಎಂದರು ರತ್ನಮ್ಮ ಮೆಲ್ಲಗೆ. "ಕಣ್ಣು, ಕಿಡ್ನಿ, ಕಾಲು. ನಿಧಾನಕ್ಕೆ."

"ಗೊತ್ತಿರಲಿಲ್ಲ. ಶ್ರವಣನ ಮೇಲೆ ಅಪವಾದ ಬಂದಾಗಲಾದರೂ ಬಾಯಿ ಬಿಡಬೇಕಿತ್ತು. ಹೆದರಿದೆ."

ಮೋನಪ್ಪ ಹೆಂಡತಿಯನ್ನೇ ನೋಡುತ್ತಿದ್ದರು. "ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹನ್ನೆರಡು ವರ್ಷದಿಂದ ಹೇಳ್ತಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೆ ಏಳೋದು ನನ್ನಿಂದಲೂ ಆಗೋದಿಲ್ಲ, ಸಾಕು ಅಂತ. ನೀವು ಪ್ರತಿ ಸಲ ಹ್ಞೂಂ ಅಂದಿರಿ."

ರಿತೇಶ್ ಎದ್ದು ಶ್ರವಣನ ಎದುರು ನಿಂತ. "ತಪ್ಪಾಯಿತು ಮಾರಾಯ."

"ಇರಲಿ," ಎಂದ ಶ್ರವಣ. "ನಾನು ಊರಿಗೆ ಹೋಗ್ತೇನೆ. ಹೋಗಿ ಮಲಗ್ತೇನೆ. ವಾಪಸ್ ಬರೋ ವಿಷಯ ಆಮೇಲೆ."

ಮೋನಪ್ಪ ತಡೆಯಲಿಲ್ಲ. "ಹೋಗಿ ಬಾ. ಮೂರು ವರ್ಷದ ರಜೆ ಉಂಟು ನಿನಗೆ," ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ಸಂಜೆಯ ಒಲೆ ಹಚ್ಚೋದು ಬೇಡ. ನಾಳೆಯೂ ಬೇಡ. ಠಾಣೆಗೂ ಹೋಗೋದು ಬೇಡ."

ಧನ್ಯಾ ಕೆಟ್ಟ ಪೆನ್ನುಗಳನ್ನು ಬದಿಗಿಟ್ಟಳು. ರತ್ನಮ್ಮ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಹದಿನಾರು ಯೂನಿಟ್ಟಿಗೆ ಮರಳುವುದನ್ನು ಖಚಿತ ಮಾಡಿಕೊಂಡರು. ಅಮ್ಮಣ್ಣಿ ಚಹಾ ಮಾಡಲೆಂದು ಎದ್ದಾಗ ಮೋನಪ್ಪ ಅವರ ಕೈ ಹಿಡಿದು ಕೂರಿಸಿದರು.

"ನೀನು ಕೂತ್ಕೋ ಅಮ್ಮಣ್ಣಿ," ಎಂದರು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆಯಿಡುತ್ತಾ, ತಾವೇ ಅಡುಗೆಮನೆಗೆ ನಡೆದರು.